ಗೌರಾಜಮ್ಮನ ಹತ್ತಿರ ಇಟ್ಟ ಸೈಕಲ್ಲು

ಬಸ್ಸು ಹತ್ತಿ ಕೂತು ಚೀಲವನ್ನು ಇನ್ನೂ ಕಾಲಡಿ ಸರಿಸಿಕೊಂಡಿರಲಿಲ್ಲ, ಕಂಡಕ್ಟರು ಟಿಕೆಟ್ಟು ಹರಿಯುತ್ತಾ ಕೇಳಿಯೇಬಿಟ್ಟ: "ಯೂನಿವರ್ಸಿಟಿಗಾ ಮೇಡಂ? ಏನು ಬಿಡ್ತೀರಾ?" ಚಿಲ್ಲರೆ ಇದೆಯಾ ಎಂದು ಕೇಳುವಷ್ಟು ಸಲೀಸಾಗಿ ಕೇಳಿದ. ಅದನ್ನೇ ಯೋಚಿಸಿ ಯೋಚಿಸಿ ಹಿಂದಿನ ದಿನದ ಊಟವೂ ರುಚಿಸದೆ ಹೊರಟವಳು ನಾನು. "ಇನ್ನೂ ಗೊತ್ತು ಮಾಡ್ಕೊಂಡಿಲ್ಲಪ್ಪ" ಎಂದೆ. "ಚಿಕ್ಕದು ಏನಾದ್ರೂ ಬಿಡಿ ಮೇಡಂ. ಹೋದ ವರ್ಷ ಒಬ್ಬ ಮೇಷ್ಟ್ರು ಮಧ್ಯಾಹ್ನದ ನಿದ್ದೆ ಬಿಟ್ರು. ಕೋರ್ಸ್ ಮುಗಿಯೋವರ್ಗೂ ಕಣ್ಣು ಕೆಂಪಗೆ ಮಾಡ್ಕೊಂಡು ಓಡಾಡಿದ್ರು. ಅದನ್ನ ಇಟ್ಕೊಂಡಿದ್ದ ದರ್ಜಿ ಮಾತ್ರ ಮಿಷನ್ ಮೇಲೇ ಗೊರಕೆ ಹೊಡೀತಿದ್ದ" ಎಂದು ನಗುತ್ತಾ ಮುಂದಿನ ಸೀಟಿಗೆ ಹೋದ.

ನಾನು ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಹೊಲಿಗೆ ಟೀಚರು. ಚೂಡಾಮಣಿ ಎಂಬ ಹೆಸರನ್ನು ಬಿಟ್ಟು ಇಡೀ ಊರು 'ಸೈಕಲ್ ಮೇಡಂ' ಎನ್ನುತ್ತದೆ. ಸ್ಕೂಲು ಇರುವುದು ಕೆರೆ ಏರಿಯ ಆಚೆ, ಅಲ್ಲಿಗೆ ಬಸ್ಸಿಲ್ಲ. ಆ ಏರಿಯ ಮೇಲೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೈಕಲ್ ಹೊಡೆದ ಮೊದಲ ಹೆಂಗಸು ನಾನೇ. ಅದು ನನಗೆ ಸ್ವಲ್ಪ ಜಂಬದ ವಿಷಯ, ಮುಚ್ಚುಮರೆ ಏಕೆ. ನಮ್ಮ ಗಣಿತದ ಮೇಷ್ಟ್ರು ವರ್ಗವಾಗಿ ಹೋದರು. ಬದಲಿಗೆ ಯಾರೂ ಬರಲಿಲ್ಲ. ಜೂನ್ ಹೊತ್ತಿಗೆ ಯಾರಾದರೂ ಗಣಿತ ಹೇಳದಿದ್ದರೆ ಹತ್ತನೇ ತರಗತಿಯನ್ನೇ ಮುಚ್ಚುತ್ತಾರೆ ಎಂದಾಯಿತು. ಹೆಡ್ಮಾಸ್ಟರು ಸ್ಟಾಫ್ ರೂಮಿನ ತುಂಬ ಕಣ್ಣಾಡಿಸಿ, "ಅಳತೆ ಅಂದ್ರೆ ಏನು ಅಂತ ಗೊತ್ತಿರೋರು ಇಲ್ಲಿ ನೀವೊಬ್ರೇ" ಎಂದು ನನ್ನ ಕೈಗೆ ಬೇಸಿಗೆ ಕೋರ್ಸಿನ ಆದೇಶ ಕೊಟ್ಟರು. ಲಂಗದ ಅಳತೆಗೂ ಬೀಜಗಣಿತಕ್ಕೂ ಎತ್ತಣ ಸಂಬಂಧ ಎಂದು ಕೇಳುವಷ್ಟರಲ್ಲಿ ಅವರು ಗಂಟೆ ಹೊಡೆಸಿದ್ದರು.

ಆ ಊರನ್ನು ನೋಡಿದವರಿಗೆ ಮೊದಲು ಕಾಣುವುದು ಗೋಡೆ. ಊರಿನ ನಟ್ಟನಡುವೆ ಯೂನಿವರ್ಸಿಟಿ, ಅದರ ಸುತ್ತ ಎತ್ತರದ ಕಾಂಪೌಂಡು, ಕಾಂಪೌಂಡಿನ ಸುತ್ತ ಒಂದೇ ಒಂದು ರಸ್ತೆ, ರಸ್ತೆಗೆ ಅಂಟಿಕೊಂಡು ಮನೆ, ಅಂಗಡಿ, ಹಿಟ್ಟಿನ ಗಿರಣಿ. ಒಳಗೆ ಕಾಲಿಟ್ಟವರು ಏನಾದರೊಂದನ್ನು ಹೊರಗೆ ಬಿಟ್ಟೇ ಹೋಗಬೇಕು. ಹಾಗಾಗಿ ಊರಿನವರು ಯಾರೂ ಒಳಗೆ ಹಾದು ಹೋಗುವುದಿಲ್ಲ. ಈ ಬದಿಯಿಂದ ಆ ಬದಿಗೆ ಹೋಗಬೇಕಾದರೆ ಗೋಡೆ ಸುತ್ತಿಕೊಂಡೇ ಹೋಗುತ್ತಾರೆ, ಹೆಣ್ಣು ನೋಡಲು ಹೋಗುವವರೂ ಅಷ್ಟೇ, ಹೆಣ ಹೊರುವವರೂ ಅಷ್ಟೇ. ಒಳಗೆ ಕಲಿತದ್ದು ಮಾತ್ರ ಬೇಗ ಹತ್ತುತ್ತದೆ. ಒಂದು ವರ್ಷದ್ದು ಒಂದು ವಾರದಲ್ಲಿ. ಅವಸರದವರೆಲ್ಲ ಅಲ್ಲಿಗೇ ಬರುತ್ತಾರೆ.

ಗೇಟಿನ ಹತ್ತಿರ ಕಲ್ಲುಬೆಂಚಿನ ಮೇಲೆ ಊರಿನ ನಾಲ್ಕಾರು ಜನ ಕೂತಿದ್ದರು. ನಾವು ಬಿಟ್ಟದ್ದನ್ನು ಇಟ್ಟುಕೊಳ್ಳುವವರು ಅವರೇ, ಉಳಿಯಲು ಕೋಣೆ ಕೊಡುವವರೂ ಅವರೇ. ನನ್ನ ಪಾಲಿಗೆ ಬಂದವರು ಗೌರಾಜಮ್ಮ. ಅರವತ್ತು ದಾಟಿದ, ಸಣ್ಣ ಮೈಯ, ದೊಡ್ಡ ದನಿಯ ವಿಧವೆ. ಗೇಟು ಕಾಯುವ ದ್ಯಾವಣ್ಣ ಒಂದು ಚೂರು ಬೆಲ್ಲ ನನ್ನ ಅಂಗೈಗೆ ಹಾಕಿ, "ಬಿಡೋದನ್ನ ಹೇಳಿ ಅಮ್ಮೋರ ಬಾಯಿಗೆ ಇಡಿ" ಎಂದ. ಕಂಡಕ್ಟರ್ ಮಾತು ನೆನಪಾಗಿ, "ಕೇರಂ ಆಡೋದು" ಎಂದು ಇಟ್ಟೆ. ಗೌರಾಜಮ್ಮ ಚಪ್ಪರಿಸಿ ನೋಡಿ ಮುಖ ಸಿಂಡರಿಸಿದರು. "ಸಪ್ಪೆ ಕಣೋ ದ್ಯಾವ. ಇದು ಹೋದ್ರೆ ಇವ್ರಿಗೆ ಏನೂ ಅನ್ಸಲ್ಲ." ದ್ಯಾವಣ್ಣ ಗೇಟು ತೆಗೆಯಲಿಲ್ಲ. ರಾಗಿ ಮುದ್ದೆ ತೊಳಸುವುದು ಎಂದೆ, ಅದೂ ಸಪ್ಪೆ. ಹೊಲಿಗೆ ಬಿಡೋಣವೆಂದರೆ ಅದು ಹೊಟ್ಟೆಪಾಡು. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ಹೇಗೂ ಮೂರು ವಾರ, ಆಮೇಲೆ ವಾಪಸು ಸಿಗುತ್ತದಲ್ಲ ಎಂದುಕೊಂಡು, "ಸೈಕಲ್ ಹೊಡೆಯೋದು" ಎಂದುಬಿಟ್ಟೆ.

ಗೌರಾಜಮ್ಮ ಬೆಲ್ಲ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಎರಡೂ ಮೊಣಕಾಲು ತಡವಿ ನೋಡಿಕೊಂಡು, "ಅಯ್ಯೋ ಮೇಡಮ್ಮ, ಎಂಥಾದ್ದು ಕೊಟ್ರಿ ನೀವು" ಎಂದರು. ಗೇಟು ತೆರೆಯಿತು.

ಒಳಗಿನ ಪಾಠ ಮೇಷ್ಟ್ರು ಕಲ್ಲೇಶಪ್ಪನವರದು. ದೊಡ್ಡ ಪ್ರೊಫೆಸರು, ಮೆತ್ತನೆ ಮನುಷ್ಯ. ಸದಾ ಹವಾಯಿ ಚಪ್ಪಲಿ, ಪ್ಯಾಂಟಿಗೆ ಎಲಾಸ್ಟಿಕ್ಕು. ಕೆಲಸಕ್ಕೆ ಸೇರಿದ ದಿನ ಗಂಟು ಹಾಕುವುದನ್ನು ಗೇಟಿನಲ್ಲಿ ಬಿಟ್ಟವರು ಇನ್ನೂ ತೆಗೆದುಕೊಂಡಿಲ್ಲವಂತೆ. ಇಟ್ಟುಕೊಂಡಿರುವ ಹೂವಾಡಗಿತ್ತಿಯ ಮಾಲೆ ಎಷ್ಟು ಜಗ್ಗಿದರೂ ಬಿಚ್ಚುವುದಿಲ್ಲ ಎಂದು ಊರೆಲ್ಲ ಹೇಳುತ್ತದೆ. ಅವರು ಬೋರ್ಡಿನ ಮೇಲೆ ಒಂದು ಲೆಕ್ಕ ಬಿಡಿಸಿದರೆ ಅದು ನೇರವಾಗಿ ಬಂದು ನನ್ನ ತಲೆಯೊಳಗೆ ಕೂರುತ್ತಿತ್ತು. ಸಮೀಕರಣಗಳು ನನಗೆ ಅರ್ಥವಾಗಬಹುದು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅರ್ಥವಾದ ದಿನ ಊಟದ ಮನೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಪಕ್ಕದಲ್ಲಿ ಕೂರುತ್ತಿದ್ದ ಗ್ರಂಥಪಾಲಕಿ ಹಾಡುವುದನ್ನು ಬಿಟ್ಟು ಬಂದಿದ್ದಳು. ಖುಷಿಯಾದಾಗಲೆಲ್ಲ ಬಾಯಿ ತೆರೆದು, ಏನೂ ಬಾರದೆ, ಸುಮ್ಮನೆ ಮೇಜು ತಟ್ಟುತ್ತಿದ್ದಳು. ಒಳಗೆ ಎಲ್ಲರೂ ಹಾಗೇ, ಒಂದೊಂದು ಕಡೆ ಖಾಲಿ, ಮಿಕ್ಕ ಕಡೆ ತುಂಬಿಕೊಳ್ಳುತ್ತಾ.

ನನ್ನ ಖಾಲಿ ಎಷ್ಟು ದೊಡ್ಡದು ಎಂದು ಗೊತ್ತಾದದ್ದು ಹೊರಗೆ ಬಂದಾಗ. ಗೌರಾಜಮ್ಮನ ಮನೆಯ ಮುಂದೆ ರಹಮತ್ ಅಂಗಡಿಯ ಬಾಡಿಗೆ ಲೇಡೀಸ್ ಸೈಕಲ್ಲು ನಿಂತಿತ್ತು. ಹ್ಯಾಂಡಲ್ ಹಿಡಿದು ಕಾಲೆತ್ತಿದೆ. ಅದು ಪೆಡಲ್ಲು, ಇದು ಬ್ರೇಕು, ಎಲ್ಲದರ ಹೆಸರೂ ಗೊತ್ತು. ಕಾಲಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಒಳಗಿನಿಂದ ಗೌರಾಜಮ್ಮ ಬಂದು, "ಸ್ವಲ್ಪ ಸರೀರಮ್ಮ" ಎಂದು ಸೀರೆ ಎತ್ತಿ ಕಟ್ಟಿ, ಹಾರಿ ಕೂತು, ಗಂಟೆ ಬಾರಿಸುತ್ತಾ ಹೊರಟೇಹೋದರು. ನಾನು ಏರಿಯ ಮೇಲೆ ಸೆರಗು ಸಿಕ್ಕಿಸಿಕೊಳ್ಳುವುದು ಹೇಗೋ ಹಾಗೇ ಸೆರಗು ಸಿಕ್ಕಿಸಿಕೊಂಡಿದ್ದರು. ತಿರುವಿನಲ್ಲಿ ಎಡ ಭುಜ ಒಂದಿಷ್ಟು ಬಗ್ಗಿಸಿದರಲ್ಲ, ಅದೂ ನನ್ನದೇ. ನನಗೆ ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚು ಎಂದರೆ ಹಾಗೆ ಹೀಗೆ ಅಲ್ಲ, ಆ ಮುದುಕಿ ದಬಕ್ಕನೆ ಬೀಳಲಿ ಎನಿಸುವಷ್ಟು.

ಎರಡು ವಾರ ಕಳೆದ ಮೇಲೆ, ದಿನಾ ಬೆಳಿಗ್ಗೆ ಎಲ್ಲಿಗೆ ಹೋಗುತ್ತೀರಿ ಎಂದು ಅವರನ್ನೇ ಕೇಳಿದೆ. "ನೀವೇ ಬನ್ನಿ ನೋಡೋರಂತೆ, ಇವತ್ತು ಭಾನುವಾರ" ಎಂದು ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡರು. ನನ್ನದೇ ವಿದ್ಯೆಯ ಹಿಂದೆ ನಾನೇ ಅಕ್ಕಿ ಮೂಟೆಯ ಹಾಗೆ ಕೂತು ಹೋದೆ. ರಸ್ತೆಯುದ್ದಕ್ಕೂ ಜನ ಕೈಬೀಸುತ್ತಿದ್ದರು. "ಗೌರಾಜಮ್ಮ, ನಿಧಾನ!" ಎನ್ನುವವರು, "ಇನ್ನೂ ಜೋರಾಗಿ ತುಳಿ!" ಎನ್ನುವವರು. ಗೋಡೆಯ ಆಚೆ ಬದಿಯಲ್ಲಿ ಒಂದು ಮನೆಯ ಜಗಲಿಯ ಮೇಲೆ ಸಾಕಮ್ಮ ಎಂಬ ಅಜ್ಜಿ ಕೂತಿದ್ದರು. ಸೊಂಟ ಮುರಿದುಕೊಂಡ ಮೇಲೆ ಆ ಜಗಲಿ ಬಿಟ್ಟು ಇಳಿದಿಲ್ಲ. ಗೌರಾಜಮ್ಮನಿಗೂ ಅವರಿಗೂ ಲಂಗ ಹಾಕುತ್ತಿದ್ದ ಕಾಲದ ಸ್ನೇಹ. ಆದರೆ ಗೋಡೆ ಸುತ್ತಿ ನಡೆದು ಬರಲು ಗೌರಾಜಮ್ಮನ ಕಾಲು ಒಪ್ಪದೆ, ಇಬ್ಬರೂ ಒಂದೇ ಊರಿನಲ್ಲಿದ್ದುಕೊಂಡು ವರ್ಷಕ್ಕೊಮ್ಮೆ ಯಾರದೋ ಮದುವೆಯಲ್ಲಿ ಮುಖ ನೋಡುತ್ತಿದ್ದರು. ಸೊಂಟ ಹೋದ ಮೇಲೆ ಅದೂ ಇಲ್ಲ.

"ಬಂದ್ಯಾ ಮೂದೇವಿ, ನಿನ್ನೆ ಸೋತು ಓಡ್ಹೋದೋಳು" ಎಂದರು ಸಾಕಮ್ಮ. ಚೌಕಾಬಾರದ ಮನೆ ಆಗಲೇ ಬರೆದಿತ್ತು. ಇಬ್ಬರೂ ಕವಡೆ ಹಾಕುತ್ತಾ, ಜಗಳವಾಡುತ್ತಾ, ಒಬ್ಬರ ಕಾಯಿ ಒಬ್ಬರು ಕಡಿಯುತ್ತಾ ಕೂತುಬಿಟ್ಟರು. ನಾನೊಬ್ಬಳು ಅಲ್ಲಿದ್ದೇನೆ ಎಂಬುದೇ ಮರೆತಂತಿತ್ತು. ನನ್ನ ಹೊಟ್ಟೆಕಿಚ್ಚು ಅಲ್ಲೇ ಎಲ್ಲೋ ಇಳಿದುಹೋಯಿತು. ಹೊರಡುವಾಗ ಸಾಕಮ್ಮ ನನ್ನ ಕಡೆ ತಿರುಗಿ, "ಕೋರ್ಸು ಯಾವತ್ತು ಮುಗಿಯುತ್ತಮ್ಮ?" ಎಂದು ಕೇಳಿದರು. ಬರುವ ಶನಿವಾರ ಎಂದೆ. ಅವರು ಕವಡೆಗಳನ್ನು ಸೆರಗಿನ ತುದಿಯಿಂದ ಒರೆಸಿ ಡಬ್ಬಿಗೆ ಹಾಕಿದರು.

ವಾಪಸು ಬರುವಾಗ ನಾನು ಬೆನ್ನ ಹಿಂದಿನಿಂದ ಕೇಳಿದೆ: "ಆಮೇಲೆ ಹೇಗೆ ಬರ್ತೀರಮ್ಮ ಇಲ್ಲಿಗೆ?"

"ಹೇಗೂ ಬರಲ್ಲ."

"ಬೇಜಾರಾಗಲ್ವಾ?"

"ಆಗುತ್ತೆ. ಹಂಗಂತ ಇನ್ನೊಬ್ಬರ ವಸ್ತು ಇಟ್ಕೊಂಡು ಕೂರಕ್ಕಾಗುತ್ತಾ? ಇಟ್ಕೊಂಡು ವಾಪಸ್ ಕೊಡೋದು ನಮ್ಮೂರ ಕಸುಬು ಕಣಮ್ಮ. ಒಬ್ಬಳು ವೀಣೆ ನುಡಿಸೋದನ್ನ ನನ್ನ ಹತ್ರ ಇಟ್ಟೋಗಿದ್ಲು. ವಾಪಸ್ ಕೊಟ್ಟ ಮೇಲೂ ನನ್ನ ಬೆರಳು ಮಿಡೀತಾನೇ ಇತ್ತು, ಅನ್ನ ಕಲಸುವಾಗೆಲ್ಲ. ಆಮೇಲೆ ನಿಂತ್ಹೋಯ್ತು." ಸ್ವಲ್ಪ ದೂರ ತುಳಿದ ಮೇಲೆ ಸೇರಿಸಿದರು, "ನಿಮಗೆ ಕೆರೆ ಏರಿ ಇದೆಯಲ್ಲ. ನೀವು ಸ್ಕೂಲಿಗೆ ಹೋಗ್ಬೇಕಲ್ಲ."

ಹೋಗಬೇಕು, ನಿಜ. ಸೈಕಲ್ ಇಲ್ಲದೆ ಹೋದರೆ ನಾನು ಕಲಿತ ಗಣಿತ ನನ್ನ ಮನೆಯಲ್ಲೇ ಕೊಳೆಯುತ್ತದೆ. ಸೈಕಲ್ ತೆಗೆದುಕೊಂಡು ಹೋದರೆ ಆ ಜಗಲಿಯ ಮೇಲೆ ಚೌಕಾಬಾರದ ಮನೆ ಬರೆದೇ ಇರುತ್ತದೆ, ಆಡಲು ಎದುರಿಗೆ ಯಾರೂ ಇರುವುದಿಲ್ಲ. ಎರಡು ದಿನ ನನಗೆ ತಲೆ ಕೆಟ್ಟುಹೋಯಿತು. ಮೂರನೆಯ ದಿನ ಕಲ್ಲೇಶಪ್ಪನವರು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ, ಒರೆಸಿ, "ಈಗ ನೀವು ಮಾಡಿ" ಎಂದರು. ಮಾಡಿದೆ. ಮಾಡಿ ಮುಗಿಸಿ ಸೀಮೆಸುಣ್ಣ ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಈ ಲೆಕ್ಕ ನನಗೆ ಬಂತು. ಇವರಿಂದ ಹೋಗಲಿಲ್ಲವಲ್ಲ! ಅವರ ಹತ್ತಿರವೂ ಇದೆ, ನನ್ನ ಹತ್ತಿರವೂ ಇದೆ. ಗೇಟಿನಲ್ಲಿ ಕೊಟ್ಟರೆ ಹೋಗುತ್ತದೆ, ಕಲಿಸಿದರೆ ಹೋಗುವುದಿಲ್ಲ. ಇಷ್ಟು ವರ್ಷ ಟೀಚರಾಗಿದ್ದೂ ಇದನ್ನು ಯೋಚಿಸಿರಲಿಲ್ಲ.

ಆ ಸಂಜೆ ಗೌರಾಜಮ್ಮ ಸೊಪ್ಪು ಸೋಸುತ್ತಿದ್ದರು. "ಅಮ್ಮ, ನನಗೆ ಸೈಕಲ್ ಕಲಿಸಿ" ಎಂದೆ. ಅವರು ಸೊಪ್ಪಿನ ಕಡ್ಡಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಏನ್ ತಮಾಷೆ ಮಾಡ್ತೀರಾ? ಶನಿವಾರ ನನ್ನ ಕೈಯಿಂದ ಬೆಲ್ಲ ತಿಂದ್ರೆ ತಾನಾಗೇ ಬರುತ್ತೆ." "ಬೆಲ್ಲ ತಿಂದ್ರೆ ನಿಮ್ಮಿಂದ ಹೋಗುತ್ತೆ. ಕಲಿಸಿದ್ರೆ ಇಬ್ಬರಿಗೂ ಇರುತ್ತೆ." ಅವರಿಗೆ ಅದು ಎಷ್ಟು ವಿಚಿತ್ರವಾಗಿ ಕೇಳಿಸಿತೆಂದರೆ ಮೊರ ಪಕ್ಕಕ್ಕಿಟ್ಟು ನೇರ ಗೇಟಿಗೆ ಹೋದರು, ನಾನೂ ಹಿಂದೆ ಹೋದೆ. ದ್ಯಾವಣ್ಣ ತಲೆ ಕೆರೆದುಕೊಂಡ. "ಇಟ್ಟೋರಿಗೇ ಕಲಿಸೋದಾ? ನಮ್ಮಪ್ಪನ ಕಾಲದಿಂದ ಯಾರೂ ಮಾಡಿಲ್ಲ. ತಪ್ಪು ಅನ್ನಕ್ಕೂ ಆಗಲ್ಲ. ಬಿಟ್ಟೋದದ್ದು ಕಾಲಿಗೆ ಮತ್ತೆ ಹತ್ತುತ್ತೋ ಇಲ್ವೋ ಅದೂ ಗೊತ್ತಿಲ್ಲ. ಒಂದು ಮಾತ್ರ ಹೇಳ್ತೀನಿ ಮೇಡಮ್ಮ. ಶನಿವಾರ ಬೆಲ್ಲ ತಿನ್ನದೆ ಊರು ಬಿಟ್ರೆ ಆ ಸೈಕಲ್ಲು ಅಮ್ಮೋರ್ದೇ. ಆಮೇಲೆ ಬಂದು ಅತ್ರೂ ಸಿಗಲ್ಲ."

ಕಲಿಕೆ ಶುರುವಾಯಿತು. ಗೇಟಿನ ಹೊರಗಿನ ಕಲಿಕೆ, ನಿಧಾನದ್ದು, ನಮ್ಮ ನಿಮ್ಮ ಊರಿನದರ ಹಾಗೆ. ಗೌರಾಜಮ್ಮ ಸೀಟು ಹಿಡಿದು ನಾಲ್ಕು ಹೆಜ್ಜೆ ಕುಂಟುತ್ತಾ ಹಿಂದೆ ಬರುವರು, ನಾನು ಬೀಳುವೆ. ಗಿರಣಿಯ ಗೋಡೆಗೆ ಬಿದ್ದೆ, ಸೌತೆಕಾಯಿ ಗಾಡಿಗೆ ಬಿದ್ದೆ, ಏನೂ ಇಲ್ಲದ ಬಯಲಿನಲ್ಲೂ ಬಿದ್ದೆ. "ಮುಂದೆ ನೋಡಮ್ಮ ತಾಯಿ, ಚಕ್ರದಲ್ಲೇನು ಸಿನಿಮಾ ಇದೆಯಾ?" ಎಂದು ಅವರು ಬೈಯುವರು. ಬಯ್ಯುವ ಭರದಲ್ಲಿ 'ಮೇಡಮ್ಮ', 'ನೀವು' ಎಲ್ಲ ಉದುರಿಹೋಗಿತ್ತು. ನಾಚಿಕೆಯೂ ಆಗುತ್ತಿತ್ತು. ಊರಿಗೇ ಸೈಕಲ್ ಮೇಡಂ ಎನಿಸಿಕೊಂಡವಳು ಐವತ್ತರ ಹತ್ತಿರ ಬಂದು ಮಂಡಿಗೆ ಅರಿಶಿನ ಹಚ್ಚಿಕೊಂಡು ಕೂರುವುದು ಎಂದರೆ! ಶುಕ್ರವಾರ ಸಂಜೆಯವರೆಗೂ ಒಂದು ಮಾರು ದೂರ ನೆಟ್ಟಗೆ ಹೋಗಲಿಲ್ಲ. ದ್ಯಾವಣ್ಣ ಹೇಳಿದ್ದೇ ನಿಜವಿರಬೇಕು, ಬಿಟ್ಟದ್ದು ಹತ್ತುವುದಿಲ್ಲವೇನೋ ಎಂದು ನನಗೂ ಅನಿಸಿತು. ಗೌರಾಜಮ್ಮ ನನ್ನ ಮಂಡಿಗೆ ಬಟ್ಟೆ ಸುತ್ತುತ್ತಾ, "ಸಾಕು ಬಿಡಮ್ಮ. ನಾಳೆ ಬೆಲ್ಲ ತಿನ್ನು. ನೀನು ಇಷ್ಟು ಮಾಡಿದ್ದೇ ನನಗೆ ದೊಡ್ಡದು" ಎಂದರು. ದನಿ ಸಣ್ಣದಾಗಿತ್ತು. ಆ ಬೆಳಿಗ್ಗೆಯೇ ಅವರು ಸಾಕಮ್ಮನ ಮನೆಗೆ ಹೋಗಿ, ಕೊನೆಯ ಆಟ ಆಡಿ, ಇನ್ನು ಬರುವುದಿಲ್ಲ ಎಂದು ಹೇಳಿ ಬಂದಿದ್ದರು ಎಂದು ಆಮೇಲೆ ತಿಳಿಯಿತು.

ಶನಿವಾರ ಗೇಟಿನ ಹತ್ತಿರ ಜಾತ್ರೆಯಾಗಿತ್ತು. ಬೇಸಿಗೆ ಕೋರ್ಸಿನವರೆಲ್ಲ ತಮ್ಮ ತಮ್ಮದು ವಾಪಸು ಪಡೆಯುತ್ತಿದ್ದರು. ಗ್ರಂಥಪಾಲಕಿ ಬೆಲ್ಲ ನುಂಗಿದ್ದೇ ತಡ, ಎಲ್ಲರ ಎದುರು ಜೋರಾಗಿ ಹಾಡಲು ಶುರುಮಾಡಿದಳು. ಅದನ್ನು ಇಟ್ಟುಕೊಂಡಿದ್ದ ಗಿರಣಿಯಾತ ನಗುತ್ತಲೇ ಮೂಗು ಒರೆಸಿಕೊಂಡ. ಗೌರಾಜಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು ನನ್ನ ಎದುರು ನಿಂತರು. ಬೆಲ್ಲದ ಚೂರು ನನ್ನ ಬಾಯಿಯ ಹತ್ತಿರ ತಂದರು. ನಾನು ತುಟಿ ಬಿಗಿಹಿಡಿದೆ.

"ಬಾಯಿ ತೆಗಿ."

ತಲೆಯಾಡಿಸಿದೆ.

"ಹಠ ಮಾಡ್ಬೇಡ ಕಣೇ. ನಿನ್ನ ಬಸ್ಸಿಗೆ ಹೊತ್ತಾಯ್ತು. ಆ ಹೆಣ್ಣುಮಕ್ಕಳು ಕಾಯ್ತಿರ್ತವೆ. ತೆಗಿ ಬಾಯಿ!"

ನನಗೆ ಅಳು ಬಂತು, ಸಿಟ್ಟೂ ಬಂತು. ಅವರ ಮೇಲಲ್ಲ, ನನ್ನ ಕಾಲುಗಳ ಮೇಲೆ. ಗೋಡೆಗೆ ಒರಗಿಸಿದ್ದ ರಹಮತ್ ಸೈಕಲ್ಲನ್ನು ಎಳೆದುಕೊಂಡು ಹತ್ತಿಬಿಟ್ಟೆ. ಯಾರೂ ಹಿಂದೆ ಹಿಡಿದಿರಲಿಲ್ಲ. ಸೈಕಲ್ಲು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ದ್ಯಾವಣ್ಣ ಹಾರಿ ಪಕ್ಕಕ್ಕೆ ಸರಿದ, ನಾನು ಕಣ್ಣು ಮುಚ್ಚಬೇಕೆಂದಿದ್ದವಳು ಮುಚ್ಚದೆ ಮುಂದೆ ನೋಡಿದೆ. ಮುಂದೆ ರಸ್ತೆ ಇತ್ತು. ತುಳಿದೆ. ಇನ್ನೊಮ್ಮೆ ತುಳಿದೆ. ಅದು ನನ್ನ ಹಳೆಯ ಸೈಕಲ್ ಅಲ್ಲ, ಭುಜ ಬಗ್ಗುವ ಬಿಂಕವಿಲ್ಲ, ಏನಿಲ್ಲ. ಹ್ಯಾಂಡಲ್ ಅತ್ತಿತ್ತ ಓಲಾಡುತ್ತಿತ್ತು. ಆದರೂ ಹೋಗುತ್ತಿದ್ದೆ.

"ಅಯ್ಯಯ್ಯೋ, ಬೀಳ್ತಾಳೆ ಹಿಡೀರೋ!" ಎಂದು ಹಿಂದಿನಿಂದ ದೊಡ್ಡ ದನಿ. ಯಾರೂ ಹಿಡಿಯಲಿಲ್ಲ. ಆಮೇಲೆ ಗಂಟೆಯ ಸದ್ದು. ಹಾಲಿನವನ ಸೈಕಲ್ ಕಿತ್ತುಕೊಂಡು, ಕ್ಯಾನು ಗಡಗಡ ಎನ್ನಿಸುತ್ತಾ ಗೌರಾಜಮ್ಮ ನನ್ನ ಪಕ್ಕಕ್ಕೆ ಬಂದುಬಿಟ್ಟರು. ಗಂಡಸರ ಸೈಕಲ್ಲು, ನಡುವೆ ಸರಳು. ಸೀರೆ ಮೊಣಕಾಲಿಗೆ ಬಂದಿತ್ತು. "ಎಡಕ್ಕೆ! ಎಡಕ್ಕೆ ಹಿಡಿ! ಬ್ರೇಕ್ ಮೇಲೆ ಬೆರಳಿಡು!" ಎನ್ನುತ್ತಲೇ ತುಳಿಯುತ್ತಿದ್ದರು. ಆಗ ರಸ್ತೆ ತಣ್ಣಗಾಯಿತು. ಕೈಬೀಸುವವರು ಇಲ್ಲ, ಕೂಗುವವರು ಇಲ್ಲ. ಅಂಗಡಿಯವರು ಅಂಗಡಿ ಬಿಟ್ಟು ಬಂದರು. ಹೂವಾಡಗಿತ್ತಿ ಎದ್ದು ನಿಂತಳು. ಕೊಟ್ಟವರೂ ಇಟ್ಟುಕೊಂಡವರೂ ಒಂದೇ ಹೊತ್ತಿನಲ್ಲಿ, ಒಂದೇ ವಿದ್ಯೆಯಲ್ಲಿ, ಅಕ್ಕಪಕ್ಕದಲ್ಲಿ ಹೋಗುವುದನ್ನು ಆ ಊರು ಎಂದೂ ಕಂಡಿರಲಿಲ್ಲ. ನಮಗೆ ಅದು ಯಾವುದೂ ಆಗ ಹೊಳೆಯಲಿಲ್ಲ, ನನಗೆ ಬೀಳುವ ಭಯ, ಅವರಿಗೆ ನಾನು ಬೀಳುವ ಭಯ.

ಗೋಡೆ ಸುತ್ತಿ ಆಚೆ ಬದಿಗೆ ಬಂದೆವು. ಇಳಿಯುವುದನ್ನು ನಾನಿನ್ನೂ ಕಲಿತಿರಲಿಲ್ಲ. ನೇರ ಸಾಕಮ್ಮನ ಜಗಲಿಗೆ ಡಿಕ್ಕಿ ಹೊಡೆದು, ಮಣ್ಣಿನಲ್ಲಿ ಕೂತುಬಿಟ್ಟೆ. ಗೌರಾಜಮ್ಮ ನನ್ನ ಹಿಂದೆಯೇ ಬಂದು ಒಂದು ಕಾಲು ನೆಲಕ್ಕೆ ಊರಿ ನಿಂತರು. ಉಬ್ಬಸ ಬರುವ ಹಾಗೆ ಏದುತ್ತಿದ್ದರು. ಸಾಕಮ್ಮ ಕಂಬ ಹಿಡಿದು ಮುಂದಕ್ಕೆ ಬಗ್ಗಿ, ಬಿದ್ದ ಸೈಕಲ್ಲನ್ನು ನೋಡಿದರು, ನಿಂತ ಸೈಕಲ್ಲನ್ನು ನೋಡಿದರು, ನಮ್ಮಿಬ್ಬರನ್ನೂ ನೋಡಿದರು.

"ಇಬ್ಬರೂ ತುಳ್ಕೊಂಡು ಬಂದ್ರಾ?" ಎಂದರು ಮೆಲ್ಲಗೆ. "ಹಂಗಾದ್ರೆ ಗೌರಿ, ಹೋಗಿದ್ದು ಯಾರ್ದೇ?"

ಗೌರಾಜಮ್ಮ ಉತ್ತರ ಹೇಳಲು ಬಾಯಿ ತೆರೆದರು. ಆಗಲೇ ಅವರಿಗೆ ಗೊತ್ತಾದದ್ದು. ತಮ್ಮ ಕೈ ಹ್ಯಾಂಡಲ್ ಮೇಲಿರುವುದನ್ನು ನೋಡಿಕೊಂಡರು, ನನ್ನನ್ನು ನೋಡಿದರು.

"ಯಾರ್ದೂ ಹೋಗ್ಲಿಲ್ಲ ಕಣೇ ಸಾಕಿ" ಎಂದರು. "ಯಾರ್ದೂ ಹೋಗ್ಲಿಲ್ಲ." ಇಷ್ಟು ವರ್ಷ ಪರರ ವಸ್ತುವನ್ನು ಕಣ್ಣೀರು ಹಾಕದೆ ವಾಪಸು ಕೊಟ್ಟಿದ್ದ ಆ ಹೆಂಗಸು ಹಾಲಿನವನ ಸೈಕಲ್ ಮೇಲೆ ಕೂತೇ ಅತ್ತುಬಿಟ್ಟರು.